ಕ್ವಿನ್ಸಿ ಗುಡ್ಡಕ್ಕೆ ಸಾವಿರ ವಾಟು

ಹಳೆಯ ಮೋಟಾರು ಸತ್ತದ್ದು ಗುಡ್ಡದ ಮುಕ್ಕಾಲು ದಾರಿಯಲ್ಲಿ,
ಬೆಳಗಿನ ಐದೂವರೆಗೆ. ಹಿಂದಿನ ಬುಟ್ಟಿಯಲ್ಲಿ
ಶಾಲೆಯ ಅಡುಗೆಗೆ ಇಪ್ಪತ್ತು ಕಿಲೋ ಟರ್ನಿಪ್ಪು.
ಮೊದಲು ಗರಗರ, ಆಮೇಲೆ ಹಲ್ಲು ಕಡಿದಂಥ ಸದ್ದು,
ಆಮೇಲೆ ಹಿಮ ಬೀಳುವುದಷ್ಟೇ.
ತಳ್ಳಿದೆ. ನಾಲ್ಕಿಂಚಿನ ದಪ್ಪ ಟೈರು
ಬಾಣಂತಿ ಎಮ್ಮೆಯ ಹಾಗೆ ಒಲ್ಲೆ ಒಲ್ಲೆ ಅನ್ನುತ್ತಿತ್ತು.
ಸುಪೀರಿಯರ್ ಸರೋವರದ ಗಾಳಿ ಅಡ್ಡ ನಿಂತು
ವಯಸ್ಸೆಷ್ಟು, ಇಂಪಿ? ಎಂದು ಕೇಳಿತು.
ಐವತ್ತೊಂಬತ್ತು. ದಾರಿ ಬಿಡು.

ಅಡುಗೆಮನೆಯ ಮೇಜಿನ ಮೇಲೆ ಹಬ್ಬು ಬಿಚ್ಚಿದೆ.
ಒಳಗೆ ಮೂರು ನೈಲಾನ್ ಗಿಯರು, ಮೂರೂ ಬೊಚ್ಚುಬಾಯಿ.
ಸುತ್ತ ತಾಮ್ರದ ತಂತಿ, ಒತ್ತೊತ್ತಾಗಿ,
ಒಂದು ಮಗ್ಗುಲು ಕರಕಲು.
ಇದೇ ಗುಡ್ಡದ ಹೊಟ್ಟೆಯೊಳಗೆ ಅಜ್ಜ
ತಾಮ್ರದ ಅದಿರು ತುಂಬಿದ ಗಾಡಿ ತಳ್ಳುತ್ತಿದ್ದ.
ನನ್ನ ಪಾಲಿಗೆ ಉಳಿದದ್ದು ಅವನ ಒಂದು ಬೂಟು,
ಮತ್ತು ಅಮ್ಮ ಅಣಕಿಸಿ ತೋರಿಸುತ್ತಿದ್ದ ಅವನ ಕೆಮ್ಮು.
ಈ ತಾಮ್ರ ಇಲ್ಲಿಯದಲ್ಲ, ಗೊತ್ತು.
ಎಲ್ಲಿ ಅಗೆದದ್ದೋ, ಯಾರು ಕೆಮ್ಮಿದರೋ.
ಎಸೆಯಲಾಗಲಿಲ್ಲ. ಸಕ್ಕರೆ ಡಬ್ಬಿಯ ಪಕ್ಕ ಇಟ್ಟೆ.

ಹೊಸದು ಎರಡು ಪೆಟ್ಟಿಗೆಯಲ್ಲಿ ಬಂತು:
ಸಾವಿರ ವಾಟಿನ ಮೋಟಾರು, ಐವತ್ತೆರಡು ವೋಲ್ಟಿನ ಬ್ಯಾಟರಿ,
ಎರಡು ತಿಂಗಳ ಓವರ್‌ಟೈಮು.
ಸ್ನೋಮೊಬೈಲ್ ರಿಪೇರಿಯ ಮ್ಲಾಡೆನ್ ಬಂದ, ಬೂಟು ಕಳಚದೆ.
ಲೇಬಲ್ಲು ಓದಿ ಹುಬ್ಬೇರಿಸಿದ:
ಬ್ಯಾಟರಿ ಕೊಡುವುದು ಮೂವತ್ತು ಆಂಪು,
ಕಂಟ್ರೋಲರು ಕೇಳುವುದು ಮೂವತ್ತೈದು.
ಹಾಸಿಗೆ ಇದ್ದಷ್ಟೇ ಕಾಲು, ಇಂಪಿ. ಇಲ್ಲದಿದ್ದರೆ ಹಾಸಿಗೆಗೇ ಬೆಂಕಿ.
ಕೇಳುವ ಬಾಯಿಯನ್ನು ಇಪ್ಪತ್ತೆಂಟಕ್ಕೆ ಕಟ್ಟಿದ.

ನಂಗೆ ಗೊತ್ತಿರಲಿಲ್ಲ:
ಚಕ್ರವನ್ನು ಮುಂದಕ್ಕೆ ನೂಕುವಾಗ
ನಡುವಿನ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದಂತೆ,
ಬಿಟ್ಟರೆ ಫ್ರೇಮನ್ನೇ ಸೀಳಿಕೊಂಡು ಹೊರಬೀಳುತ್ತದಂತೆ.
ಹಿಡಿದುಕೊಳ್ಳಲು ಒಂದು ಉಕ್ಕಿನ ತೋಳು ಬೇಕು.
ಹಳೆಯ ಟ್ರಕ್ಕಿನ ಸ್ಪ್ರಿಂಗ್ ಪಟ್ಟಿಯನ್ನು
ಮೂರು ಸಂಜೆ ಅರದಿಂದ ಉಜ್ಜಿದೆ.
ಸಾರಿನಲ್ಲೂ ಕಬ್ಬಿಣದ ಪುಡಿ.

ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ,
ಮಕ್ಕಳ ಆಟದಷ್ಟು ಸುಲಭ ಎಂದುಕೊಂಡು ಸೇರಿಸಿದೆ.
ಥ್ರಾಟಲ್ ಒತ್ತಿದರೆ ಚಕ್ರ
ಠೀವಿಯಿಂದ ಹಿಂದಕ್ಕೆ ತಿರುಗಿತು.
ಮ್ಲಾಡೆನ್ ನಕ್ಕು ನಕ್ಕು ಗೋಡೆ ಹಿಡಿದ.
ಎರಡು ಕಾರ್ಖಾನೆಗಳ ನಡುವೆ
ನೀಲಿ ಅಂದರೆ ಯಾವುದು ಎಂಬ ಮಾತೇ ಆಗಿಲ್ಲ.
ತಂತಿಗಳನ್ನು ಅದಲುಬದಲು ಮಾಡುತ್ತ ಕೂತೆವು.
ಒಮ್ಮೆ ನರಳಿತು, ಒಮ್ಮೆ ನಡುಗಿತು,
ಐದನೆಯ ಸಲ, ಸದ್ದೇ ಇಲ್ಲದೆ, ಮುಂದಕ್ಕೆ.

ಬ್ಯಾಟರಿ ಮಾತ್ರ ರಾತ್ರಿ ಮನೆಯೊಳಗೇ ಮಲಗಬೇಕು;
ಮೈ ಹೆಪ್ಪುಗಟ್ಟಿದಾಗ ಉಣಿಸಿದರೆ ಕೆಡುತ್ತದೆ.
ಮಂಚದ ಪಕ್ಕದ ಕುರ್ಚಿಯ ಮೇಲಿಟ್ಟೆ,
ಓರ್ವಿಲ್ ಪ್ಯಾಂಟು ನೇತುಹಾಕುತ್ತಿದ್ದ ಕುರ್ಚಿ.
ಅವನೀಗ ಡುಲುತ್‌ನಲ್ಲಿ, ಇನ್ಯಾರದೋ ಕುರ್ಚಿಗೆ.
ಇದು ಗೊರಕೆ ಹೊಡೆಯುವುದಿಲ್ಲ,
ಹೊಟ್ಟೆ ತುಂಬಿದಾಗ ಹಸಿರು ಕಣ್ಣು ತೆರೆಯುತ್ತದೆ.

ಗುರುವಾರ ಗುಡ್ಡ ಹತ್ತಿದೆ.
ಹತ್ತಿದೆ ಅನ್ನುವುದು ಸುಳ್ಳು, ಗುಡ್ಡವೇ ಇಳಿದುಹೋಯಿತು.
ಗಣಿಬಾಯಿಯ ಎತ್ತರದ ಕಟ್ಟಡ ಪಕ್ಕದಲ್ಲೇ ಹಾದುಹೋಯಿತು,
ಅದರ ಕೆಳಗೆ ಮಜಲು ಮಜಲಾಗಿ ತುಂಬಿದ ಕಪ್ಪು ನೀರು.
ನೆತ್ತಿ ತಲುಪಿದಾಗ ಎದೆಯಲ್ಲಿ ಇಷ್ಟೊಂದು ಉಸಿರು ಮಿಕ್ಕಿತ್ತು,
ಏನು ಮಾಡಲೂ ತೋಚದೆ
ಒಂದು ಸಲ ಕೆಮ್ಮಿದೆ, ಅಮ್ಮ ತೋರಿಸುತ್ತಿದ್ದ ಹಾಗೆ.

ಮಧ್ಯಾಹ್ನ ಬುಟ್ಟಿ ಖಾಲಿ, ದಾರಿ ಗಾಜು.
ಅರ್ಧ ಇಳಿದ ಮೇಲೆ ಲಿವರು ಹಿಡಿಕೆಗೇ ತಾಗಿತು.
ಬದಲಾಯಿಸಿದ್ದು ಮೋಟಾರು, ಬ್ಯಾಟರಿ;
ಬ್ರೇಕು ಹಳೆಯದೇ.
ಎರಡೂ ಬೂಟು ಹಿಮಕ್ಕೆ ಕೊಟ್ಟು
ಟಪಾಲು ಪೆಟ್ಟಿಗೆಗಳ ಹೆಸರು ಓದಲಾಗದಷ್ಟು ಜೋರಾಗಿ
ಮನೆಯ ಕಡೆಗೇ ಬರುತ್ತಿದ್ದೇನೆ.